ಬಾಟಲಿ ಶ್ವಾಸಕೋಶ ಉಬ್ಬುತ್ತಲೇ ಇಲ್ಲವೇ? ಮಕ್ಕಳ ಜೊತೆ ಕೂತು ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಬಾಟಲಿಯ ತಳ ಕತ್ತರಿಸಿ, ಒಳಗೆ ಎರಡು ಬಲೂನು ಇಳಿಬಿಟ್ಟು, ಕೆಳಗೆ ಇನ್ನೊಂದು ಬಲೂನಿನ ರಬ್ಬರ್ ಹಾಳೆ ಕಟ್ಟಿ ಎಳೆದರೆ ಒಳಗಿನವು ಉಬ್ಬಬೇಕು. ಚಿತ್ರದಲ್ಲಿ ಯಾವಾಗಲೂ ಉಬ್ಬಿರುತ್ತವೆ. ಮನೆಯಲ್ಲಿ ಮಾತ್ರ ಉಬ್ಬುವುದಿಲ್ಲ. ಫೆಬ್ರುವರಿ 28ರ ವಿಜ್ಞಾನ ದಿನ ಹತ್ತಿರ ಬಂತೆಂದರೆ ಪರಿಚಯದವರ ಫೋನು ಶುರು. ರಾತ್ರಿ ಒಂಬತ್ತು ಗಂಟೆ, ನಾಳೆ ಬೆಳಗ್ಗೆ ಪ್ರದರ್ಶನ. "ಎಳೀತಾನೇ ಇದ್ದೀವಿ, ಒಳಗಿನದ್ದು ಅಲ್ಲಾಡ್ತಾನೂ ಇಲ್ಲ!"

ನಾನೂ ಆ ಪಾಡು ಪಟ್ಟಿದ್ದೇನೆ. ಮಗಳ ಮಾದರಿಗೆ ಶ್ವಾಸನಾಳ ಅಂತ ಹಳೆಯ ಪೆನ್ನಿನ ಕೊಳವೆ ಹಾಕಿದ್ದೆ. ಮುಚ್ಚಳ ಮೂರು ಸಲ ಅಂಟಿಸಿದೆ, ರಬ್ಬರ್ ಎರಡು ಸಲ ಬದಲಿಸಿದೆ. ಕಡೆಗೆ ಮಗಳೇ ಕಂಡುಹಿಡಿದಳು: ಪೆನ್ನಿನ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ತೂತು. ಅದು ಬಾಟಲಿಯ ಒಳಗೆ ಕೂತಿತ್ತು. ಗಾಳಿ ಬಲೂನಿಗೆ ಹೋಗುವ ಬದಲು ಅಲ್ಲಿಂದಲೇ ಬಾಟಲಿಗೆ ನುಗ್ಗುತ್ತಿತ್ತು.

ಆಮೇಲೆ ಇಂಥ ಹತ್ತಾರು ಮಾದರಿ ಬಿಚ್ಚಿ ನೋಡಿದ್ದೇನೆ. ಕಾರಣ ಹೆಚ್ಚುಕಡಿಮೆ ಮೂರೇ. ಎಲ್ಲೋ ಗಾಳಿ ಸೋರುತ್ತಿರುತ್ತದೆ. ಇಲ್ಲವೇ ಬಾಟಲಿ ಬೇಕಾದ್ದಕ್ಕಿಂತ ದೊಡ್ಡದು. ಇಲ್ಲವೇ ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ. ಮೂರಕ್ಕೂ ಮದ್ದು ಇದೆ. ಒಂದು ಸಂಜೆಯ ಕೆಲಸ, ಮಧ್ಯೆ ಒಂದು ರಾತ್ರಿ ಒಣಗಲು ಬಿಡಬೇಕು. ಹಾಗಾಗಿ ಕನಿಷ್ಠ ಎರಡು ದಿನ ಮೊದಲು ಶುರು ಮಾಡಿ.

## ಕತ್ತರಿ ಹಿಡಿಯುವ ಮುಂಚೆ: ಎದೆಯೊಳಗೆ ಆಗುವುದೇನು

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಸೋರಿಕೆ ಯಾಕೆ ಇಷ್ಟು ದೊಡ್ಡ ವಿಷಯ ಅಂತ ಇಲ್ಲೇ ತಿಳಿಯುತ್ತದೆ.

ಮಕ್ಕಳು, ನಾವೂ ಕೂಡ, ಅಂದುಕೊಂಡಿರುವುದು ಹೀಗೆ: ಮೂಗಿನಿಂದ ಗಾಳಿ ಎಳೆದುಕೊಳ್ಳುತ್ತೇವೆ, ಅದಕ್ಕೇ ಎದೆ ಉಬ್ಬುತ್ತದೆ. ನಿಜ ಇರುವುದು ಉಲ್ಟಾ. ಮೊದಲು ಎದೆ ಹಿಗ್ಗುತ್ತದೆ, ಆಮೇಲೆ ಗಾಳಿ ಒಳಗೆ ಬರುತ್ತದೆ. ಶ್ವಾಸಕೋಶಕ್ಕೆ ತಾನಾಗಿ ಉಬ್ಬುವ ಸ್ನಾಯು ಇಲ್ಲ. ಕೆಲಸ ಮಾಡುವುದು ಅದರ ಕೆಳಗಿರುವ ವಪೆ. ಎದೆಗೂ ಹೊಟ್ಟೆಗೂ ನಡುವೆ ಬೋರಲು ಹಾಕಿದ ಬಟ್ಟಲಿನ ಹಾಗೆ ಕೂತಿರುವ ತೆಳುವಾದ ಸ್ನಾಯು ಅದು. ಬಿಗಿಯಾದಾಗ ಕೆಳಗೆ ಇಳಿದು ಚಪ್ಪಟೆಯಾಗುತ್ತದೆ. ಜೊತೆಗೆ ಪಕ್ಕೆಲುಬುಗಳು ಮೇಲಕ್ಕೂ ಹೊರಕ್ಕೂ ಸರಿಯುತ್ತವೆ. ಎದೆಗೂಡಿನೊಳಗೆ ಜಾಗ ಹೆಚ್ಚಾಗುತ್ತದೆ, ಒತ್ತಡ ತುಸು ಕಡಿಮೆಯಾಗುತ್ತದೆ. ಹೊರಗಿನ ಗಾಳಿಗೆ ಒಳಗೆ ಬರಲು ಒಂದೇ ಬಾಗಿಲು: ಮೂಗು, ಗಂಟಲು, ಶ್ವಾಸನಾಳ.

ಆ "ಒಂದೇ ಬಾಗಿಲು" ಅನ್ನುವುದೇ ಈ ಕೆಲಸದ ಗುಟ್ಟು. ಬಾಟಲಿಗೆ ಎರಡನೆಯ ಬಾಗಿಲು ಸಿಕ್ಕರೆ, ಅದು ಸೂಜಿ ಮೊನೆಯಷ್ಟಿದ್ದರೂ, ಗಾಳಿ ಆ ಸುಲಭದ ದಾರಿ ಹಿಡಿಯುತ್ತದೆ. ಬಲೂನು ಸುಮ್ನೆ ನೇತಾಡುತ್ತದೆ.

ಮಗುವಿಗೆ ಇದನ್ನು ಮಾತಿನಲ್ಲಿ ಹೇಳಿದರೆ ಹತ್ತುವುದಿಲ್ಲ. ಚಾಪೆಯ ಮೇಲೆ ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಒಂದು ನೋಟ್‌ಬುಕ್ ಇಡಿ. ಉಸಿರು ಒಳಗೆ ಹೋದಾಗ ಪುಸ್ತಕ ಏಳುತ್ತದೆ. "ಗಾಳಿ ಹೊಟ್ಟೆಗೆ ಹೋಯ್ತಾ?" ಅಂತ ಕೇಳಿ. ಹೌದು ಅನ್ನುತ್ತವೆ ಮಕ್ಕಳು. ಇಲ್ಲ, ವಪೆ ಕೆಳಗಿಳಿದು ಹೊಟ್ಟೆಯೊಳಗಿನ ಅಂಗಗಳನ್ನು ತಳ್ಳಿತು, ಅದಕ್ಕೇ ಹೊಟ್ಟೆ ಎದ್ದಿತು. ಸುಮ್ಮನೆ ಕೂತಾಗ ವಪೆ ಇಳಿಯುವುದು 1–2 ಸೆಂ.ಮೀ. ಅಷ್ಟೇ. ಆಳವಾಗಿ ಉಸಿರೆಳೆದರೆ 10 ಸೆಂ.ಮೀ.ವರೆಗೂ ಇಳಿಯಬಹುದು.

## ಸಾಮಾನು

ಬಾಟಲಿ: 1 ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿ. ನೀರಿನ ಬಾಟಲಿ ಬೇಡ, ಅದು ಬಹಳ ತೆಳು. ರಬ್ಬರ್ ಎಳೆದ ತಕ್ಷಣ ಗೋಡೆಯೇ ಒಳಕ್ಕೆ ಕುಗ್ಗಿ ನಿಮ್ಮ ಎಳೆತವನ್ನು ತಿಂದುಹಾಕುತ್ತದೆ. ಪರೀಕ್ಷೆ ಸುಲಭ. ಮುಚ್ಚಳ ತೆಗೆದು ಒಂದೇ ಕೈಯಲ್ಲಿ ಹಿಸುಕಿ. ಚಟಪಟ ಅಂತ ಅಪ್ಪಚ್ಚಿಯಾದರೆ ಬೇಡ. 2 ಲೀಟರಿನದ್ದೂ ಬೇಡ, ಕಾರಣ ಮೊದಲ ಹಂತದಲ್ಲಿ ಹೇಳುತ್ತೇನೆ.

ಕೊಳವೆ ಮತ್ತು ಜಾಯಿಂಟ್: ಮೀನಿನ ತೊಟ್ಟಿಗೆ ಗಾಳಿ ಬಿಡುವ ಮೆತ್ತನೆಯ ಪೈಪು 30 ಸೆಂ.ಮೀ., ಅದಕ್ಕೆ ಹೊಂದುವ ವೈ ಅಥವಾ ಟಿ ಜಾಯಿಂಟ್ ಒಂದು. ಅಕ್ವೇರಿಯಂ ಅಂಗಡಿ ಇಲ್ಲದ ಊರಿನಲ್ಲಿ ಹನಿ ನೀರಾವರಿ ಸಾಮಾನು ಮಾರುವವರ ಹತ್ತಿರ ಇಂಥದ್ದೇ ಸಣ್ಣ ಪೈಪು ಸಿಗುತ್ತದೆ. ಹಿಂದೆ ಎಲ್ಲರೂ ಪ್ಲಾಸ್ಟಿಕ್ ಸ್ಟ್ರಾ ಬಳಸುತ್ತಿದ್ದರು. 2022ರ ಜುಲೈ 1ರಿಂದ ಅದಕ್ಕೆ ನಿಷೇಧ ಇದೆ. ಪೇಪರ್ ಸ್ಟ್ರಾ ಹಾಕಿ ನೋಡಿದ್ದೇನೆ: ದಾರ ಬಿಗಿದ ಕಡೆ ಚಪ್ಪಟೆಯಾಗಿ ದಾರಿ ಮುಚ್ಚಿಕೊಳ್ಳುತ್ತದೆ. ಪೆನ್ನಿನ ಕಥೆ ಆಗಲೇ ಹೇಳಿದೆ. ಆಸ್ಪತ್ರೆಯಲ್ಲಿ ಬಳಸಿ ಬಿಸಾಡಿದ ಡ್ರಿಪ್ ಸೆಟ್ ಮಾತ್ರ ಯಾವ ಕಾರಣಕ್ಕೂ ಮನೆಗೆ ತರಬೇಡಿ. ತೊಳೆದರೂ ಬೇಡ.

ಬಲೂನು: ಒಳಗಿನ ಎರಡಕ್ಕೆ ಹುಟ್ಟುಹಬ್ಬದ ಮಾಮೂಲಿ ತೆಳು ಬಲೂನು, ಕೆಳಗಿನ ವಪೆಗೆ 12 ಇಂಚಿನದ್ದು. ಒಂದು ಡಜನ್ ತನ್ನಿ, ಒಡೆಯುತ್ತವೆ. ನೀರು ತುಂಬಿ ಎಸೆಯುವ ಪುಟಾಣಿ ಬಲೂನು ಶ್ವಾಸಕೋಶಕ್ಕೆ ಆಗುವುದಿಲ್ಲ. ನೋಡಲು ಚಿಕ್ಕದಾಗಿ ಚೆಂದ, ಆದರೆ ಊದಲು ತುಂಬಾ ಗಟ್ಟಿ.

ಉಳಿದದ್ದು: ಎಂ-ಸೀಲ್, ಕರೆಂಟಿನವರು ಬಳಸುವ ಇನ್ಸುಲೇಷನ್ ಟೇಪ್, ಹತ್ತಿ ದಾರ, ಉಪ್ಪು ಕಾಗದದ ಚೂರು, ಕತ್ತರಿ, ಕಟರ್, ದಬ್ಬಳ, ಇಕ್ಕಳ, ಬಕೆಟ್ ನೀರು, ಸ್ವಲ್ಪ ಸೋಪು.

ಒಂದು ಎಚ್ಚರಿಕೆ. ಊದದ ಬಲೂನು, ಒಡೆದ ಬಲೂನಿನ ಚೂರು ಎರಡೂ ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. 8 ವರ್ಷದೊಳಗಿನವರ ಕೈಗೆ ಕೊಡಬೇಡಿ. ದೊಡ್ಡ ಮಗು ಮಾಡುವಾಗ ತಮ್ಮನೋ ತಂಗಿಯೋ ಪಕ್ಕದಲ್ಲಿ ಆಡುತ್ತಿರುತ್ತಾರೆ ಅಲ್ವಾ, ಅವರ ಮೇಲೆ ಕಣ್ಣಿರಲಿ. ಕಟರ್, ಬಿಸಿ ದಬ್ಬಳ, ಎಂ-ಸೀಲ್ ಮೂರೂ ದೊಡ್ಡವರ ಕೆಲಸ.

## ಹಂತ 1: ಬಾಟಲಿ ಕತ್ತರಿಸುವುದು

ಮುಚ್ಚಳದ ತುದಿಯಿಂದ ಕೆಳಕ್ಕೆ 15–16 ಸೆಂ.ಮೀ. ಅಳೆದು ಸುತ್ತಲೂ ಗೆರೆ ಹಾಕಿ. ಅಲ್ಲೇ ಕತ್ತರಿಸಿ. ಅಂದರೆ ಬಾಟಲಿಯ ಮೇಲಿನ ಅರ್ಧ ಚಿಲ್ಲರೆ ಭಾಗ ಮಾತ್ರ ನಮಗೆ ಬೇಕು.

ಬಹಳ ಜನ ತಳದ ಬಿಲ್ಲೆ ಒಂದನ್ನು ತೆಗೆದು ಉಳಿದ ಅಷ್ಟೂ ಬಾಟಲಿ ಇಟ್ಟುಕೊಳ್ಳುತ್ತಾರೆ. ಎಡವುವುದು ಇಲ್ಲೇ. ಕೆಳಗಿನ ರಬ್ಬರನ್ನು ಎಷ್ಟೇ ಎಳೆದರೂ ಹೆಚ್ಚಾಗುವ ಜಾಗ ಒಂದು ಚಿಕ್ಕ ಕಾಫಿ ಲೋಟದಷ್ಟು ಮಾತ್ರ. ಒಳಗೆ ಗಾಳಿ ಜಾಸ್ತಿ ಇದ್ದರೆ ಅದೇ ಹಿಗ್ಗಿ ಆ ಜಾಗವನ್ನು ತುಂಬಿಕೊಳ್ಳುತ್ತದೆ. ಒತ್ತಡ ಇಳಿಯುವುದೇ ಇಲ್ಲ ಅನ್ನುವಷ್ಟು ಕಡಿಮೆ ಇಳಿಯುತ್ತದೆ, ಬಲೂನಿನ ರಬ್ಬರ್ ಅದಕ್ಕೆಲ್ಲ ಜಗ್ಗುವುದಿಲ್ಲ. ಬಾಟಲಿ ಗಿಡ್ಡವಾದಷ್ಟೂ ಅದೇ ಎಳೆತಕ್ಕೆ ಬಲೂನು ಚೆನ್ನಾಗಿ ಉಬ್ಬುತ್ತದೆ. ಬಲೂನುಗಳು ಹಿಡಿಸುವಷ್ಟು ಜಾಗ, ಮೇಲೆ ಎರಡು ಬೆರಳಷ್ಟು. ಅದಕ್ಕಿಂತ ಹೆಚ್ಚು ಬೇಡ.

ಕತ್ತರಿಸುವ ಜಾಗ ನುಣುಪಾಗಿರಲಿ. ಕೆಲವು ಬಾಟಲಿಗೆ ಸುತ್ತಲೂ ಉಬ್ಬುತಗ್ಗಿನ ಗೆರೆಗಳಿರುತ್ತವೆ. ಅವುಗಳ ಮೇಲೆ ರಬ್ಬರ್ ಕೂರಿಸಿದರೆ ಪ್ರತಿ ತಗ್ಗಿನಲ್ಲೂ ಗಾಳಿ ದಾರಿ ಮಾಡಿಕೊಳ್ಳುತ್ತದೆ. ಬೇಕಾದರೆ ಒಂದು ಸೆಂ.ಮೀ. ಆಚೀಚೆ ಮಾಡಿ, ನುಣುಪು ಜಾಗವೇ ಸಿಗಲಿ.

ಕಟರಿನಿಂದ ಒಂದು ಸೀಳು ಹಾಕಿ ಆಮೇಲೆ ಕತ್ತರಿ ಓಡಿಸಿ. ಅಂಚು ಗರಗಸದ ಹಾಗೆ ಉಳಿದರೆ ರಬ್ಬರನ್ನು ಕೊಯ್ಯುತ್ತದೆ, ಮಗುವಿನ ಕೈಯನ್ನೂ ಕೊಯ್ಯುತ್ತದೆ. ಇದಕ್ಕೊಂದು ಉಪಾಯ. ಇಸ್ತ್ರಿ ಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿಟ್ಟು, ಮೇಲೆ ಒಂದು ತೆಳು ಅಲ್ಯೂಮಿನಿಯಂ ಹಾಳೆ ಹಾಸಿ, ಬಾಟಲಿಯ ಕತ್ತರಿಸಿದ ಅಂಚನ್ನು ಅದರ ಮೇಲೆ ನೇರವಾಗಿ ಎರಡು ಮೂರು ಸೆಕೆಂಡು ಒತ್ತಿ ಎತ್ತಿ. ಅಂಚು ಸ್ವಲ್ಪ ಒಳಕ್ಕೆ ಮಡಚಿಕೊಂಡು ದುಂಡಗಾಗುತ್ತದೆ, ಬಾಟಲಿಯೂ ಗಟ್ಟಿಯಾಗುತ್ತದೆ. ಜಾಸ್ತಿ ಹೊತ್ತು ಇಟ್ಟರೆ ಸೊಟ್ಟಗಾಗುತ್ತದೆ, ಮೊದಲು ಬಿಸಾಡುವ ತುಂಡಿನ ಮೇಲೆ ಕೈ ಪಳಗಿಸಿಕೊಳ್ಳಿ.

## ಹಂತ 2: ಮುಚ್ಚಳಕ್ಕೆ ಕೊಳವೆ ಕೂರಿಸುವುದು

ಬಲೂನಿಗೆ ಇನ್ನೂ ಕೈ ಹಾಕಬೇಡಿ. ಮೊದಲು ಮುಚ್ಚಳ.

ದಬ್ಬಳವನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯಲ್ಲಿ ಕಾಯಿಸಿ, ಮುಚ್ಚಳದ ನಡುಮಧ್ಯೆ ಚುಚ್ಚಿ. ಕಿಟಕಿ ತೆರೆದಿರಲಿ. ತೂತನ್ನು ತಿರುಗಿಸುತ್ತಾ ದೊಡ್ಡದು ಮಾಡಿ, ಆದರೆ ಕೊಳವೆಗಿಂತ ಒಂದು ಕೂದಲು ಚಿಕ್ಕದೇ ಇರಲಿ. ಕೊಳವೆಯ ತುದಿಯನ್ನು ಓರೆಯಾಗಿ ಕತ್ತರಿಸಿ, ತೂತಿಗೆ ತೂರಿಸಿ, ಆಚೆಯಿಂದ ಇಕ್ಕಳದಲ್ಲಿ ಎಳೆದರೆ ಬಿಗಿಯಾಗಿ ಬರುತ್ತದೆ. ತೂತೇ ಕೊಳವೆಯನ್ನು ಕಚ್ಚಿಕೊಂಡಿರಬೇಕು. ಅಂಟು ಆಮೇಲಿನ ಮಾತು. ಒಳಗೆ 4 ಸೆಂ.ಮೀ., ಹೊರಗೆ 6–7 ಸೆಂ.ಮೀ. ಉಳಿಯಲಿ.

ಈಗ ಎಂ-ಸೀಲ್. ಬಾಟಲಿ ಮುಚ್ಚಳದ ಪ್ಲಾಸ್ಟಿಕ್ಕಿಗೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ, ಇದು ಬಹಳ ಜನರಿಗೆ ಗೊತ್ತಿಲ್ಲ. ಒಣಗಿದ ಮೇಲೆ ಇಡೀ ಬಿಲ್ಲೆ ಟಕ್ಕಂತ ಎದ್ದು ಬರುತ್ತದೆ. ಅದಕ್ಕೆ ಎರಡು ಕೆಲಸ ಮಾಡಿ. ಮುಚ್ಚಳದ ಎರಡೂ ಬದಿಯನ್ನು ಉಪ್ಪು ಕಾಗದದಿಂದ ಚೆನ್ನಾಗಿ ಉಜ್ಜಿ ಒರಟು ಮಾಡಿ. ಆಮೇಲೆ ಎಂ-ಸೀಲ್‌ನ ಎರಡು ತುಂಡುಗಳನ್ನು ಒಂದೇ ಬಣ್ಣ ಬರುವವರೆಗೆ ನಾದಿ, ಮುಚ್ಚಳದ ಮೇಲೂ ಕೆಳಗೂ ಕೊಳವೆಯ ಸುತ್ತ ಒತ್ತಿ. ಎರಡೂ ಕಡೆ ಗುಂಡಿಯ ಹಾಗೆ ಕೂತರೆ ಅಂಟದಿದ್ದರೂ ಜಾರುವುದಿಲ್ಲ. ಒಳಬದಿಯಲ್ಲಿ ತಿರುಪಿನ ಎಳೆಗಳಿಗೆ ತಾಗದಂತೆ ನೋಡಿಕೊಳ್ಳಿ, ತಾಗಿದರೆ ಮುಚ್ಚಳ ಬಿಗಿಯಾಗುವುದಿಲ್ಲ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ನಾದುವುದು ಒಳ್ಳೆಯದು.

ರಾತ್ರಿಯಿಡೀ ಬಿಡಿ. ಗಟ್ಟಿಯಾಯಿತು ಅನಿಸಿದರೂ ಬಿಡಿ. ಜೇಡಿಮಣ್ಣು, ಕಲಸಿದ ಗೋಧಿ ಹಿಟ್ಟು, ಚ್ಯೂಯಿಂಗ್ ಗಮ್ ಹಾಕಿದವರನ್ನೆಲ್ಲ ನೋಡಿದ್ದೇನೆ. ರಾತ್ರಿ ಕೆಲಸ ಮಾಡುತ್ತದೆ, ಬೆಳಗ್ಗೆ ಶಾಲೆ ಮುಟ್ಟುವ ಹೊತ್ತಿಗೆ ಒಣಗಿ ಬಿರುಕು ಬಿಟ್ಟಿರುತ್ತದೆ.

## ಹಂತ 3: ಬಲೂನು ಪಳಗಿಸಿ ಜಾಯಿಂಟ್‌ಗೆ ಕಟ್ಟುವುದು

ಹೊಸ ಬಲೂನು ಹಟಮಾರಿ. ಮೊದಲ ಸಲ ಊದುವಾಗ ಕೆನ್ನೆ ನೋಯುತ್ತದೆ, ನಾಲ್ಕನೆಯ ಸಲಕ್ಕೆ ಸಲೀಸು. ಹಾಗಾಗಿ ಒಳಗಿನ ಎರಡೂ ಬಲೂನನ್ನು ಐದಾರು ಸಲ ಪೂರ್ತಿ ಊದಿ ಬಿಡಿ. ಇದನ್ನು ಮಗುವಿಗೆ ಬಿಡಿ, ಖುಷಿಯಾಗಿ ಮಾಡುತ್ತದೆ. ಎರಡನ್ನೂ ಒಂದೇ ಸಮ ಊದಿಸಿ. ಒಂದನ್ನು ಹತ್ತು ಸಲ, ಇನ್ನೊಂದನ್ನು ಎರಡು ಸಲ ಊದಿದರೆ ಆಮೇಲೆ ಮೆತ್ತಗಿರುವುದೇ ಅಷ್ಟೂ ಗಾಳಿ ನುಂಗುತ್ತದೆ, ಇನ್ನೊಂದು ಉಪವಾಸ.

ಜಾಯಿಂಟಿನ ಎರಡು ಕೈಗಳಿಗೆ 2 ಸೆಂ.ಮೀ. ಉದ್ದದ ಪೈಪಿನ ತುಂಡು ಸಿಕ್ಕಿಸಿ. ಬಲೂನಿನ ಕತ್ತು ಇದಕ್ಕಿಂತ ಅಗಲ ಇರುವುದರಿಂದ ನೇರ ಕಟ್ಟಿದರೆ ನೆರಿಗೆ ಬೀಳುತ್ತದೆ, ನೆರಿಗೆ ಅಂದರೆ ಸೋರಿಕೆ. ಪೈಪಿನ ತುಂಡಿನ ಮೇಲೆ ಟೇಪ್ ಸುತ್ತಿ ಸುತ್ತಿ ಕಿರುಬೆರಳಿನಷ್ಟು ದಪ್ಪ ಮಾಡಿ. ಆಮೇಲೆ ಬಲೂನಿನ ಕತ್ತನ್ನು ಸರಿಯಾಗಿ ಮೇಲೆಳೆದು ಕೂರಿಸಿ. ದಾರ ಆರೆಂಟು ಸುತ್ತು, ಅದರ ಮೇಲೆ ಟೇಪ್. ದಾರ ಬಿಗಿಯಬೇಕು, ಆದರೆ ಪೈಪು ಚಪ್ಪಟೆಯಾಗಬಾರದು.

ಈಗಲೇ ನೀರಿನ ಪರೀಕ್ಷೆ. ಜಾಯಿಂಟಿನ ಮೂರನೆಯ ಕೈಗೆ ಉಳಿದ ಪೈಪು ಸಿಕ್ಕಿಸಿ, ಬಲೂನುಗಳನ್ನು ಬಕೆಟ್ಟಿನಲ್ಲಿ ಮುಳುಗಿಸಿ ಊದಿ. ಗುಳ್ಳೆ ಬಂತೋ, ಎಲ್ಲಿಂದ ಬಂತು ನೋಡಿ ಬಿಚ್ಚಿ ಮತ್ತೆ ಕಟ್ಟಿ. ಬಾಟಲಿಯೊಳಗೆ ಸೇರಿಸಿದ ಮೇಲೆ ಈ ತಪ್ಪು ಹುಡುಕುವುದು ಅಂದರೆ ಕತ್ತಲಲ್ಲಿ ಸೂಜಿ ಹುಡುಕಿದ ಹಾಗೆ. ಪರೀಕ್ಷೆ ಮುಗಿದ ಮೇಲೆ ಒರೆಸಿ, ಒಂದು ಗಂಟೆ ಆರಲು ಬಿಡಿ.

## ಹಂತ 4: ಒಳಗೆ ಇಳಿಸುವುದು

ಕ್ರಮ ತಪ್ಪುವುದು ಇಲ್ಲಿ. ಬಲೂನುಗಳನ್ನೂ ಮುಚ್ಚಳವನ್ನೂ ಮೊದಲೇ ಒಂದಾಗಿ ಜೋಡಿಸಿಬಿಡುತ್ತಾರೆ. ಆಮೇಲೆ ಬಾಟಲಿಯ ಬಾಯಿಂದ ತುರುಕಲು ನೋಡುತ್ತಾರೆ. ಬಾಯಿಯ ಒಳಗಲ ಸುಮಾರು 2 ಸೆಂ.ಮೀ., ಜಾಯಿಂಟ್ ಸಮೇತ ಎರಡು ಬಲೂನು ಅಲ್ಲಿ ಹಿಡಿಸುವುದಿಲ್ಲ. ಒತ್ತಿದರೆ ಹರಿಯುತ್ತದೆ.

ಸರಿಯಾದ ಕ್ರಮ: ಒಣಗಿದ ಮುಚ್ಚಳವನ್ನು ಬಾಟಲಿಗೆ ತಿರುಗಿಸಿ ಹಾಕಿ. ಕೊಳವೆಯ 4 ಸೆಂ.ಮೀ. ತುದಿ ಒಳಗೆ ಇಣುಕುತ್ತಿರುತ್ತದೆ. ಬಾಟಲಿಯನ್ನು ತಲೆಕೆಳಗೆ ಮಾಡಿ, ತಳದ ಕಡೆಯಿಂದ ಕೈ ಹಾಕಿ, ಜಾಯಿಂಟನ್ನು ಆ ತುದಿಗೆ ಒತ್ತಿ ಸಿಕ್ಕಿಸಿ. ನನ್ನ ಕೈ ಒಳಗೆ ಹಿಡಿಸಲೇ ಇಲ್ಲ. ಮಗುವಿನ ಕೈ ಸಲೀಸಾಗಿ ಹೋಗುತ್ತದೆ. ದೊಡ್ಡವರು ಬಾಟಲಿ ಹಿಡಿಯಬೇಕು, ಮಗು ಸಿಕ್ಕಿಸಬೇಕು. ಅಂಚು ದುಂಡಗೆ ಮಾಡಿದ್ದು ಇದಕ್ಕೇ.

ಎಡ ಬಲಕ್ಕೆ ಒಂದೊಂದು ಬಲೂನು, ಒಂದರ ಮೇಲೊಂದು ಸುತ್ತಿಕೊಳ್ಳದಂತೆ ಬಿಡಿಸಿ. ಮೇಲಿನ ಕೊಳವೆಯಿಂದ ಒಮ್ಮೆ ಊದಿ ನೋಡಿ, ಎರಡೂ ಉಬ್ಬಬೇಕು.

## ಹಂತ 5: ವಪೆ ಕಟ್ಟುವುದು

12 ಇಂಚಿನ ಬಲೂನನ್ನೂ ಮೂರು ನಾಲ್ಕು ಸಲ ಊದಿ ಬಿಡಿ. ಗಾಳಿ ಇಲ್ಲದಾಗ ಕತ್ತಿಗೆ ಗಂಟು ಹಾಕಿ. ಈ ಗಂಟೇ ಎಳೆಯುವ ಹಿಡಿ. ಈಗ ಎದುರು ತುದಿಯನ್ನು, ಬಲೂನಿನ ಮೂರನೇ ಒಂದು ಭಾಗದಷ್ಟು, ಅಡ್ಡಡ್ಡ ಕತ್ತರಿಸಿ ತೆಗೆಯಿರಿ. ಉಳಿದದ್ದು ಒಂದು ಟೋಪಿಯ ಹಾಗಿರುತ್ತದೆ.

ಇದು ಇಬ್ಬರ ಕೆಲಸ. ಒಬ್ಬರು ಬಾಟಲಿಯನ್ನು ತಲೆಕೆಳಗೆ ಹಿಡಿಯಬೇಕು. ಇನ್ನೊಬ್ಬರು ನಾಲ್ಕು ಬೆರಳು ಒಳಗೆ ಹಾಕಿ ಟೋಪಿ ಹಿಗ್ಗಿಸಿ, ಅಂಚಿನ ಮೇಲೆ 2–3 ಸೆಂ.ಮೀ. ಇಳಿಯುವಂತೆ ಎಳೆದು ಕೂರಿಸಬೇಕು. ಗಂಟು ನಡುವೆ ಬರಲಿ. ತಮಟೆಯ ಚರ್ಮದ ಹಾಗೆ ಬಿಗಿದರೆ ತಪ್ಪು, ಆಮೇಲೆ ಎಳೆಯಲು ಜಗ್ಗುವುದೇ ಇಲ್ಲ. ಸ್ವಲ್ಪ ಸಡಿಲ ಇರಬೇಕು. ಟೇಪನ್ನು ಹಿಗ್ಗಿಸುತ್ತಾ ಅರ್ಧ ರಬ್ಬರಿನ ಮೇಲೆ, ಅರ್ಧ ಬಾಟಲಿಯ ಮೇಲೆ ಬೀಳುವಂತೆ ಮೂರು ಸುತ್ತು ಸುತ್ತಿ.

ಇನ್ನು ಚಿತ್ರಗಳಲ್ಲಿ ಕಾಣದ ಒಂದು ಕೈಚಳಕ. ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿ. ಅಂಗೈಯಿಂದ ವಪೆಯನ್ನು ಬಾಟಲಿಯೊಳಕ್ಕೆ ಗುಮ್ಮಟದ ಹಾಗೆ ಒತ್ತಿ ಹಿಡಿಯಿರಿ. ಒಳಗಿನ ಹೆಚ್ಚುವರಿ ಗಾಳಿ ಮೇಲಿಂದ ಹೋಗುತ್ತದೆ. ಒತ್ತಿ ಹಿಡಿದಿರುವಾಗಲೇ ಇನ್ನೊಬ್ಬರು ಮುಚ್ಚಳ ಬಿಗಿಯಲಿ. ಈಗ ಕೈ ಬಿಡಿ. ರಬ್ಬರ್ ಹಿಂದಕ್ಕೆ ಬರುವಾಗಲೇ ಬಲೂನುಗಳು ತುಸು ತುಂಬಿಕೊಳ್ಳುತ್ತವೆ. ಮೊದಲ ಸಲ ನಮ್ಮ ಮನೆಯಲ್ಲಿ ಹೀಗಾದಾಗ ಮಗಳು "ಬಂತು ಬಂತು, ಜೀವ ಬಂತು" ಅಂತ ಕುಣಿದಿದ್ದಳು. ನಮ್ಮ ಶ್ವಾಸಕೋಶವೂ ಹೀಗೇ, ಎಷ್ಟು ಉಸಿರು ಬಿಟ್ಟರೂ ಪೂರ್ತಿ ಖಾಲಿಯಾಗುವುದಿಲ್ಲ. ದೊಡ್ಡವರಲ್ಲಿ ಒಂದು ಲೀಟರಿಗಿಂತ ಹೆಚ್ಚು ಗಾಳಿ ಯಾವಾಗಲೂ ಉಳಿದಿರುತ್ತದೆ.

## ಹಂತ 6: ಉಸಿರಾಡಿಸುವುದು

ಬಾಟಲಿಯ ಕತ್ತನ್ನು ಒಂದು ಕೈಯಲ್ಲಿ ಹಿಡಿಯಿರಿ, ಹೊಟ್ಟೆ ಹಿಸುಕಬೇಡಿ. ಗಂಟನ್ನು ನಿಧಾನವಾಗಿ 3–4 ಸೆಂ.ಮೀ. ಕೆಳಗೆಳೆಯಿರಿ. ಬಲೂನು ಉಬ್ಬುತ್ತದೆ. ಬಿಟ್ಟರೆ ಕುಗ್ಗುತ್ತದೆ. ಪಾಠದಲ್ಲಿ ಬರುವ ಉಚ್ಛ್ವಾಸ, ನಿಶ್ವಾಸ ಇಷ್ಟೇ.

ಚೆಂಡಿನ ಗಾತ್ರಕ್ಕೆ ಉಬ್ಬುತ್ತದೆ ಅಂತ ಕಾಯಬೇಡಿ. ಮುದುಡಿದ ಬಲೂನು ಬಿಚ್ಚಿಕೊಂಡು ನಿಂಬೆಹಣ್ಣಿನಷ್ಟಾದರೆ ಮಾದರಿ ಗೆದ್ದ ಹಾಗೆ. ಜೋರಾಗಿ ಜಗ್ಗಿದರೆ ಟೇಪ್ ಕಿತ್ತು ಬರುತ್ತದೆ ಅಷ್ಟೇ.

ಬಲೂನು ಎಷ್ಟು ಮಾಡಿದರೂ ಹಟ ಬಿಡದಿದ್ದರೆ ಅದರ ಬದಲು ತೆಳು ಪ್ಲಾಸ್ಟಿಕ್ ಕವರಿನ ಮೂಲೆ ಕತ್ತರಿಸಿ, ಮೆಣಸಿನಕಾಯಿ ಪೊಟ್ಟಣದ ಹಾಗೆ ಕಟ್ಟಿ. ಅದಕ್ಕೆ ಬಿಗಿತವೇ ಇಲ್ಲವಾದ್ದರಿಂದ ಸ್ವಲ್ಪ ಎಳೆದರೂ ಅರಳುತ್ತದೆ. ಆದರೆ ನನಗೆ ಬಲೂನೇ ಇಷ್ಟ. ನಿಜವಾದ ಶ್ವಾಸಕೋಶ ರಬ್ಬರಿನ ಹಾಗೆ ತಾನಾಗಿ ಹಿಂದಕ್ಕೆ ಕುಗ್ಗುತ್ತದೆ, ಅದಕ್ಕೇ ಸುಮ್ಮನೆ ಕೂತಾಗ ಉಸಿರು ಬಿಡಲು ನಮಗೆ ಶ್ರಮ ಬೇಕಿಲ್ಲ. ಕವರಿನಲ್ಲಿ ಇದು ಕಾಣುವುದಿಲ್ಲ.

## ಉಬ್ಬದಿದ್ದರೆ: ಕೈಗೆ ಸಿಗುವ ಸುಳಿವು

ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ವಪೆ ಎಳೆಯುವಾಗ ಹೇಗನಿಸುತ್ತದೆ, ಗಮನಿಸಿ.

ಎಳೆತ ಸುಲಭ, ಬಲೂನು ಅಲ್ಲಾಡುವುದಿಲ್ಲ. ಹೊರಗಿಂದ ಗಾಳಿ ಬಾಟಲಿಗೆ ನುಗ್ಗುತ್ತಿದೆ. ಮುಚ್ಚಳದ ಸುತ್ತ, ಎಂ-ಸೀಲ್ ಸುತ್ತ, ಟೇಪಿನ ಅಂಚಿಗೆ ಸೋಪಿನ ನೊರೆ ಹಚ್ಚಿ. ಮೇಲಿನ ಕೊಳವೆಯನ್ನು ಹೆಬ್ಬೆರಳಿನಿಂದ ಮುಚ್ಚಿ ವಪೆಯನ್ನು ಒಳಕ್ಕೆ ಒತ್ತಿ. ಗುಳ್ಳೆ ಏಳುವ ಕಡೆ ಸೋರಿಕೆ.

ಎಳೆತ ಗಟ್ಟಿ, ಬಲೂನು ಅಲ್ಲಾಡುವುದಿಲ್ಲ. ಸೋರಿಕೆ ಇಲ್ಲ, ದಾರಿ ಕಟ್ಟಿದೆ. ಕೊಳವೆ ಮಡಚಿದೆ, ಎಂ-ಸೀಲ್ ಒಳಗೆ ಸೇರಿದೆ, ಇಲ್ಲವೇ ದಾರ ಅತಿ ಬಿಗಿಯಾಗಿದೆ.

ಉಬ್ಬಿತು, ಆದರೆ ಎಳೆದು ಹಿಡಿದಿದ್ದಂತೆಯೇ ಮೆಲ್ಲಗೆ ಕುಗ್ಗಿತು. ಸಣ್ಣ ಸೋರಿಕೆ. ಒಳಗಿನ ಬಲೂನಿನಲ್ಲೇ ಸೂಜಿ ತೂತಿದ್ದರೂ ಹೀಗಾಗುತ್ತದೆ. 20 ಸೆಕೆಂಡು ಉಬ್ಬಿಯೇ ಇದ್ದರೆ ಚಿಂತೆ ಬೇಡ.

ಬಾಟಲಿಯ ಗೋಡೆ ಒಳಕ್ಕೆ ಕುಗ್ಗುತ್ತಿದೆ. ಬಾಟಲಿ ತೆಳು. ಬದಲಿಸಿ, ತೇಪೆ ಹಾಕುತ್ತಾ ಕೂರಬೇಡಿ.

ಒಂದೇ ಬಲೂನು ಉಬ್ಬುತ್ತದೆ. ಎರಡರ ಬಿಗಿತ ಬೇರೆ ಬೇರೆ. ಒಂದೇ ಸಮ ಇದ್ದರೂ ಒಮ್ಮೊಮ್ಮೆ ಹೀಗಾಗುತ್ತದೆ, ಯಾಕೆಂದರೆ ಮೊದಲು ಉಬ್ಬಲು ಶುರು ಮಾಡಿದ ಬಲೂನು ಆಮೇಲೆ ಇನ್ನೂ ಸುಲಭವಾಗಿ ಉಬ್ಬುತ್ತದೆ. ನಮ್ಮ ಶ್ವಾಸಕೋಶದೊಳಗೆ ಗಾಳಿ ತುಂಬಿಕೊಳ್ಳುವ ಪುಟ್ಟ ಪುಟ್ಟ ಗೂಡುಗಳಿವೆ, ಆ ಕೋಟಿಗಟ್ಟಲೆ ಗಾಳಿಗೂಡುಗಳಿಗೂ ಈ ಕಷ್ಟ ಬರಬೇಕಿತ್ತು. ಬಾರದಿರಲು ಕಾರಣ ಅವುಗಳ ಒಳಗೋಡೆಗೆ ದೇಹವೇ ಸವರುವ ಸೋಪಿನಂಥ ಒಂದು ಪದಾರ್ಥ. ಅವಧಿಗೆ ಬಹಳ ಮೊದಲೇ ಹುಟ್ಟಿದ ಮಕ್ಕಳಲ್ಲಿ ಅದು ಸಾಕಷ್ಟು ತಯಾರಾಗಿರುವುದಿಲ್ಲ. ಅವು ಉಸಿರಾಡಲು ಕಷ್ಟಪಡುವುದಕ್ಕೆ ಇದೊಂದು ದೊಡ್ಡ ಕಾರಣ.

ಎಲ್ಲ ಸರಿಯಾದ ಮೇಲೆ ಬೇಕೆಂದೇ ಒಂದು ಸಲ ಕೆಡಿಸಿ ತೋರಿಸಿ. ಮುಚ್ಚಳವನ್ನು ಒಂದು ಸುತ್ತು ಸಡಿಲಿಸಿ ಎಳೆಯಿರಿ. ಬಲೂನು ಸತ್ತಂತೆ ಬಿದ್ದಿರುತ್ತದೆ. ಅಪಘಾತದಲ್ಲಿ ಎದೆಗೆ ತೂತು ಬಿದ್ದರೆ ಶ್ವಾಸಕೋಶ ಕುಸಿಯುವುದು ಹೀಗೇ. ದೊಡ್ಡ ಮಕ್ಕಳಿಗೆ ಮಾತ್ರ ಹೇಳಿ, ಚಿಕ್ಕವರು ಹೆದರುತ್ತಾರೆ.

## ಬಾಟಲಿ ಸುಳ್ಳು ಹೇಳುವ ಜಾಗಗಳು

ಈ ಮಾದರಿ ನೋಡಿ ಮಕ್ಕಳು ಕಲಿಯುವ ತಪ್ಪುಗಳೂ ಇವೆ. ಮೊದಲೇ ಹೇಳಿಬಿಡಿ.

ಶ್ವಾಸಕೋಶ ಖಾಲಿ ಚೀಲ ಅಲ್ಲ. ಶ್ವಾಸನಾಳ ಎರಡಾಗಿ, ಎರಡು ನಾಲ್ಕಾಗಿ ಮರದ ಕೊಂಬೆಗಳ ಹಾಗೆ ಕವಲೊಡೆಯುತ್ತದೆ. ತುದಿಯಲ್ಲಿ ಗಾಳಿಗೂಡುಗಳ ಗೊಂಚಲು. ಎರಡೂ ಕಡೆ ಸೇರಿ 30 ಕೋಟಿಗೂ ಹೆಚ್ಚು ಗೂಡುಗಳಿವೆ. ಕೈಗೆ ಸ್ಪಂಜು ಕೊಟ್ಟು "ಹೀಗಿರುತ್ತದೆ" ಅನ್ನಿ, ಬಲೂನಿಗಿಂತ ಅದೇ ಹತ್ತಿರದ ಹೋಲಿಕೆ.

ಬಾಟಲಿಯಲ್ಲಿ ಬಲೂನಿಗೂ ಗೋಡೆಗೂ ನಡುವೆ ಎಷ್ಟೊಂದು ಗಾಳಿ! ನಮ್ಮ ಎದೆಯಲ್ಲಿ ಅಂಥ ಖಾಲಿ ಜಾಗ ಇಲ್ಲ. ಶ್ವಾಸಕೋಶ ಎದೆಗೋಡೆಗೆ ಒತ್ತಿಕೊಂಡೇ ಇರುತ್ತದೆ, ನಡುವೆ ತೆಳುವಾದ ದ್ರವದ ಪದರ ಮಾತ್ರ. ಎರಡು ಗಾಜಿನ ತುಂಡಿನ ನಡುವೆ ನೀರು ಹಾಕಿದರೆ ಜಾರುತ್ತವೆ, ಆದರೆ ಬಿಡಿಸಿ ಎತ್ತಲು ಬರುವುದಿಲ್ಲ ಅಲ್ವಾ, ಹಾಗೆ.

ಬಾಟಲಿಯ ಗೋಡೆ ಅಲುಗಾಡುವುದಿಲ್ಲ. ನಮ್ಮ 12 ಜೊತೆ ಪಕ್ಕೆಲುಬುಗಳು ಪ್ರತಿ ಉಸಿರಿಗೂ ಸರಿಯುತ್ತವೆ. ಮಗುವಿನ ಎದೆಗೆ ಟೈಲರ್ ಟೇಪ್ ಸುತ್ತಿ ಉಸಿರು ಬಿಟ್ಟಾಗ ಒಮ್ಮೆ, ಪೂರ್ತಿ ಎಳೆದಾಗ ಒಮ್ಮೆ ಅಳೆದರೆ ಗೊತ್ತಾಗುತ್ತದೆ.

ಇನ್ನು ಎರಡು ಬಲೂನು ಒಂದೇ ಅಳತೆ. ನಮ್ಮಲ್ಲಿ ಬಲಗಡೆಯದು ಮೂರು ಹಾಲೆ (ಅಂದರೆ ಮೂರು ಭಾಗ), ಎಡಗಡೆಯದು ಎರಡೇ, ಹೃದಯಕ್ಕೆ ಜಾಗ ಬಿಟ್ಟುಕೊಟ್ಟಿದೆ. ಕೆಂಪು ಬಲೂನು ಹಾಕುವವರು ಎಡದ್ದನ್ನು ತುಸು ಚಿಕ್ಕದು ಆರಿಸಿದರೆ ಚೆಂದವೇ. ಆದರೆ ಆಗ ಸಮ ಉಬ್ಬುವುದಿಲ್ಲ, ಅದಕ್ಕೆ ನಾನು ಆ ಗೋಜಿಗೆ ಹೋಗುವುದಿಲ್ಲ.

## ಮಗು ನಿಂತು ಹೇಳಬೇಕಾದದ್ದು

ಬಾಯಿಪಾಠ ಮಾಡಿಸಬೇಡಿ. ಮಧ್ಯದಲ್ಲಿ ಒಂದು ಪ್ರಶ್ನೆ ಬಂದರೆ ಪೂರ್ತಿ ಮರೆತುಹೋಗುತ್ತದೆ. ಬೆರಳಿಟ್ಟು ತೋರಿಸಲು ಕಲಿಸಿ: ಇದು ಶ್ವಾಸನಾಳ, ಇವು ಶ್ವಾಸಕೋಶ, ಇದು ವಪೆ. ಬಾಟಲಿ ಯಾವುದು? ಇಲ್ಲಿ ಹತ್ತರಲ್ಲಿ ಎಂಟು ಮಕ್ಕಳು "ಹೊಟ್ಟೆ" ಅನ್ನುತ್ತಾರೆ. ಅದು ಎದೆಗೂಡು.

ಆಮೇಲೆ ಮೂರೇ ವಾಕ್ಯ, ಇದೇ ಕ್ರಮದಲ್ಲಿ. "ವಪೆ ಕೆಳಗೆ ಹೋಯಿತು. ಎದೆಯೊಳಗೆ ಜಾಗ ಹೆಚ್ಚಾಯಿತು, ಒತ್ತಡ ಕಡಿಮೆಯಾಯಿತು. ಹೊರಗಿನ ಗಾಳಿ ಒಳಗೆ ಬಂತು." ಜಾಗ ಹೆಚ್ಚಾದರೆ ಒತ್ತಡ ಯಾಕೆ ಇಳಿಯಬೇಕು ಅಂತ ಯಾರಾದರೂ ಕೇಳಿದರೆ, ಅದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮ ಅಂತ ದೊಡ್ಡ ತರಗತಿಯವರು ಹೇಳಬಹುದು. ಚಿಕ್ಕವರಿಗೆ, ಹತ್ತು ಜನ ಇದ್ದ ಕೋಣೆಯ ಗೋಡೆ ಹಿಂದೆ ಸರಿದರೆ ನೂಕುನುಗ್ಗಲು ಕಡಿಮೆಯಾಗುತ್ತದೆ ಅನ್ನುವುದು ಸಾಕು.

ಕೇಳುವ ಇನ್ನೆರಡು ಪ್ರಶ್ನೆ ಗೊತ್ತಿರಲಿ. ಒಂದು ಸಲಕ್ಕೆ ಎಷ್ಟು ಗಾಳಿ? ದೊಡ್ಡವರಲ್ಲಿ ಸುಮ್ಮನೆ ಕೂತಾಗ ಸುಮಾರು ಅರ್ಧ ಲೀಟರು, ನಿಮಿಷಕ್ಕೆ 12ರಿಂದ 20 ಸಲ. ಮಕ್ಕಳ ಉಸಿರಿನ ಎಣಿಕೆ ಇದಕ್ಕಿಂತ ಹೆಚ್ಚು. ಒಳಗೆ ಹೋದ ಗಾಳಿಗೂ ಹೊರಗೆ ಬಂದ ಗಾಳಿಗೂ ಏನು ವ್ಯತ್ಯಾಸ? ಒಳಗೆ ಹೋಗುವಾಗ ಆಮ್ಲಜನಕ ಶೇ. 21, ಹೊರಗೆ ಬರುವಾಗ ಸುಮಾರು ಶೇ. 16. ಅಂದರೆ ಎಲ್ಲವನ್ನೂ ನಾವು ಬಳಸುವುದಿಲ್ಲ.

ಬಿಕ್ಕಳಿಕೆ ಬಗ್ಗೆಯೂ ಹೇಳಿಕೊಡಿ, ನೋಡಲು ಬಂದವರು ನಗುತ್ತಾರೆ. ವಪೆ ಹೇಳದೆ ಕೇಳದೆ ತಟ್ಟನೆ ಬಿಗಿಯಾಗುತ್ತದೆ, ಗಾಳಿ ನುಗ್ಗುವಷ್ಟರಲ್ಲಿ ಗಂಟಲಿನ ಬಾಗಿಲು ಮುಚ್ಚಿ "ಹಿಕ್" ಅನ್ನುತ್ತದೆ. ಅಜ್ಜಿ ಮಾತ್ರ ಯಾರೋ ನೆನೆಸಿಕೊಂಡರು ಅಂತಲೇ ಹೇಳುತ್ತಾರೆ.

## ಒಯ್ಯುವಾಗ

ರಬ್ಬರನ್ನು ಎಳೆದ ಸ್ಥಿತಿಯಲ್ಲಿ ದಿನಗಟ್ಟಲೆ ಬಿಟ್ಟರೆ ಸೀಳುತ್ತದೆ. ಬಿಸಿಲು ತಾಗಿದರೆ ಇನ್ನೂ ಬೇಗ. ಹಾಗಾಗಿ ಹಿಂದಿನ ದಿನ ವಪೆ ಕಟ್ಟಿ ಪರೀಕ್ಷೆ ಮಾಡಿ, ಬಿಚ್ಚಿಡಿ. ಬೆಳಗ್ಗೆ ಹೊಸದಾಗಿ ಕಟ್ಟಿ. ಬಾಟಲಿಗೆ ಬಣ್ಣ, ಮಿನುಗು ಕಾಗದ ಹಚ್ಚಬೇಡಿ, ಒಳಗಿನದ್ದು ಕಾಣಿಸದಿದ್ದರೆ ಮಾಡಿದ್ದೇ ದಂಡ. ಚೀಲದಲ್ಲಿ ಊದಿ ಪಳಗಿಸಿದ ಬಲೂನು ನಾಲ್ಕು, ಟೇಪಿನ ಉಂಡೆ, ಕತ್ತರಿ ಇರಲಿ. ಪಕ್ಕದ ಮೇಜಿನ ಮಗು ಬಂದು "ಅಂಕಲ್, ನಮ್ಮದು ಉಬ್ತಾ ಇಲ್ಲ" ಅಂತ ನಿಲ್ಲುತ್ತದೆ. ಅದರ ಮುಚ್ಚಳವನ್ನು ಮೊದಲು ನೋಡಿ.